ಮೊಟ್ಟೆಯಿಲ್ಲದ ಕಟ್ಟು

ರೇಣುವಿನ ಬಲಗೈ ಮುರಿದದ್ದು ಬೆಳಿಗ್ಗೆ. ಅದನ್ನು ಒಬ್ಬ ಮನುಷ್ಯ ಮುಟ್ಟಿ ನೋಡಿದ್ದು ಸಂಜೆ. ನಡುವಿನ ಇಡೀ ಹಗಲು ಅವಳು ಗ್ಯಾರೇಜಿನಲ್ಲಿ ಒಂದು ಮಡಚುವ ಕುರ್ಚಿಯ ಮೇಲೆ ಕೂತಿದ್ದಳು. ಮನೆ ಡಾಕ್ಟರರದು.

೧೯೭೫ರ ಫೆಬ್ರವರಿ. ಡೆಟ್ರಾಯಿಟ್ ಪಕ್ಕದ ನಾರ್ತ್‌ವಿಲ್. ಹಿಂದಿನ ದಿನ ಕರಗಿದ ಹಿಮ ರಾತ್ರಿಯಲ್ಲಿ ಮತ್ತೆ ಹೆಪ್ಪುಗಟ್ಟಿ ಮನೆ ಮುಂದಿನ ಇಳಿಜಾರು ಗಾಜಿನ ಹಾಗೆ ಜಾರುತ್ತಿತ್ತು. ರೇಣು ಮನೆಯ ಕಸವೆಲ್ಲ ತುಂಬಿದ ಡಬ್ಬಿಯನ್ನು ರಸ್ತೆಯಂಚಿಗೆ ಎಳೆದುಕೊಂಡು ಹೋಗುತ್ತಿದ್ದಳು. ಕಾಲಲ್ಲಿ ಡಾಕ್ಟರರ ಹೆಂಡತಿ ಸರಳಾ ಬಿಟ್ಟುಕೊಟ್ಟ ರಬ್ಬರ್ ಚಪ್ಪಲಿ, ಅದರೊಳಗೆ ಡಾಕ್ಟರರ ಹರಿದ ಕಾಲುಚೀಲ. ಬೂಟು ಕೊಡಿಸುತ್ತೇವೆ ಎಂದು ಅವಳು ವಿಮಾನ ಇಳಿದ ದಿನದಿಂದ ಹೇಳುತ್ತಲೇ ಇದ್ದರು. ಡಬ್ಬಿ ಜಾರಿತು, ಅದರ ಹಿಂದೆ ಅವಳೂ ಜಾರಿದಳು. ಬೀಳುವಾಗ ಬಲಗೈ ಊರಿದಳು. ಒಣಗಿದ ತೊಗರಿಕಟ್ಟಿಗೆ ಮುರಿದ ಹಾಗೆ ಸದ್ದಾಯಿತು. ಎದ್ದು ನೋಡಿಕೊಂಡರೆ ಅಂಗೈ ಮೊದಲಿದ್ದ ಜಾಗದಲ್ಲಿ ಇರಲಿಲ್ಲ.

"ಯವ್ವಾ" ಎಂದು ಕೂಗಿದ್ದು ಅಕ್ಕಪಕ್ಕದ ನಾಲ್ಕು ಮನೆಗಾದರೂ ಕೇಳಿಸಿರಬೇಕು. ಬಾಗಿಲು ತೆಗೆದವರು ಅಂಬುಜಮ್ಮ ಒಬ್ಬರೇ.

ಅಂಬುಜಮ್ಮ ಡಾಕ್ಟರ್ ಚಂದ್ರಮೌಳಿಯ ತಾಯಿ. ಸೊಸೆಯ ಬಾಣಂತನಕ್ಕೆಂದು ಮೈಸೂರಿನಿಂದ ಬಂದವರು. ಆಗಷ್ಟೇ ಸ್ನಾನ ಮುಗಿಸಿ ಮಡಿಸೀರೆ ಉಟ್ಟಿದ್ದರು. ಹೊಸಿಲಿನ ಒಳಗೇ ನಿಂತು ಕೈಯನ್ನು ನೋಡಿದರು. ಮುಖ ಕಿವುಚಿಕೊಂಡರು.

"ನೋಡ್ಕೊಂಡು ಹೆಜ್ಜೆ ಇಡೋದಲ್ವೇನೇ? ಒಳಗೆ ಬರಬೇಡ, ಮೈಯೆಲ್ಲ ಕಸದ ನೀರು. ಗ್ಯಾರೇಜಲ್ಲಿ ಕೂತ್ಕೋ, ಹೇಳ್ತೀನಿ."

ಮಹಡಿಯ ಮೇಲೆ ಸರಳಾ ಮಲಗಿದ್ದಳು. ಕಿವಿಗೆ ಬಟ್ಟೆ ಸುತ್ತಿಕೊಂಡು, ಸಾಂಬ್ರಾಣಿ ಹೊಗೆ ಹಾಕಿಸಿಕೊಂಡು, ಪಕ್ಕದಲ್ಲಿ ಮಗು ಶ್ಯಾಮ್. ಬಾಣಂತಿ ಥಂಡಿಗಾಳಿಗೆ ಬರಬಾರದು ಎಂದು ಅತ್ತೆ ಅವಳನ್ನು ಅಲ್ಲೇ ತಡೆದರು. ಅವಳು ಆಸ್ಪತ್ರೆಗೆ ಫೋನ್ ಮಾಡಿದಳು. ಚಂದ್ರಮೌಳಿ ಫೋನಿನಲ್ಲೇ ಪ್ರಥಮ ಚಿಕಿತ್ಸೆ ಹೇಳಿದ. ಕೈಯನ್ನು ಅಲುಗಾಡಿಸಬಾರದು. ಕೆಳಗೆ ಗಟ್ಟಿಯಾದದ್ದನ್ನು ಇಟ್ಟು ಮೆತ್ತಗಿನ ಬಟ್ಟೆಯಿಂದ ಕಟ್ಟಬೇಕು. ಎದೆಗಿಂತ ಎತ್ತರದಲ್ಲಿ ಹಿಡಿದುಕೊಳ್ಳಬೇಕು. ಮೈ ಬೆಚ್ಚಗಿರಬೇಕು. ಒಂದಕ್ಷರ ತಪ್ಪಿರಲಿಲ್ಲ. ಯಾವ ಪರೀಕ್ಷೆಯಲ್ಲಿ ಬರೆದರೂ ಪೂರ್ತಿ ಅಂಕ ಸಿಗುತ್ತಿತ್ತು.

ಆದರೆ ಕಟ್ಟುವವರು ಯಾರು?

ಅಂಬುಜಮ್ಮ ಒಂದು ದಪ್ಪ ಬಟ್ಟೆಯಂಗಡಿ ಕ್ಯಾಟಲಾಗನ್ನು ಗ್ಯಾರೇಜಿನ ನೆಲಕ್ಕೆ ಹಾಕಿ ಕಸಬರಿಕೆಯ ಹಿಡಿಯಿಂದ ರೇಣುವಿನ ಕಡೆ ತಳ್ಳಿದರು. ಅದರ ಹಿಂದೆ ಮಗುವಿನ ಎರಡು ಹಳೆಯ ಬಟ್ಟೆ ಎಸೆದರು.

"ಅಡೀಲಿಟ್ಟು ಕಟ್ಕೋಬೇಕಂತೆ."

"ಒಂದ ಕೈಲೆ ಹೆಂಗ ಕಟ್ಟಕೊಳ್ಳಲ್ರಿ ಅಮ್ಮಾರ? ನೀವಷ್ಟ ಹಿಡಕೊಳ್ರಿ."

"ನಾನು ಮಡೀಲಿದೀನಿ ಕಣೇ, ಕಾಣಲ್ವಾ? ಇನ್ನೂ ದೇವರಿಗೆ ದೀಪ ಹಚ್ಚಿಲ್ಲ."

ರೇಣು ಕ್ಯಾಟಲಾಗನ್ನು ತೊಡೆಯ ಮೇಲೆ ಇಟ್ಟುಕೊಂಡು, ಮುರಿದ ಕೈಯನ್ನು ಅದರ ಮೇಲೆ ಎಳೆದು ಮಲಗಿಸಿ, ಬಟ್ಟೆಯ ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿ ಇನ್ನೊಂದು ತುದಿಯನ್ನು ಎಡಗೈಯಿಂದ ಬಿಗಿದಳು. ನೋವಿಗೆ ಕಣ್ಣು ಕತ್ತಲಿಟ್ಟಿತು. ಬಟ್ಟೆಯಲ್ಲಿ ಮಗುವಿನ ಉಚ್ಚೆಯ ವಾಸನೆಯಿತ್ತು. ಅಂಬುಜಮ್ಮ ಗಂಟು ಬೀಳುವ ತನಕ ನಿಂತು ನೋಡಿ, ಬಾಗಿಲು ಹಾಕಿಕೊಂಡು ಒಳಗೆ ಹೋದರು. ಹೊರಗೆ ಹದಿನೈದು ಡಿಗ್ರಿ ಫ್ಯಾರನ್‌ಹೀಟ್. ಗ್ಯಾರೇಜಿನಲ್ಲಿ ಅದಕ್ಕಿಂತ ಒಂದಿಷ್ಟು ಹೆಚ್ಚಿರಬಹುದು.

ಇಲ್ಲಿ ಒಂದು ಮಾತು ಹೇಳಲೇಬೇಕು. ಈ ರೇಣುವನ್ನು ಧಾರವಾಡದ ಮಾದರ ಓಣಿಯಿಂದ ಅಷ್ಟು ದೂರ ಕರೆಸಿದ್ದೇ ಮುಟ್ಟುವುದಕ್ಕೆ. ಸರಳಾಳ ತಂದೆ ಧಾರವಾಡದಲ್ಲಿ ಎಂಜಿನಿಯರಾಗಿದ್ದಾಗ ರೇಣುವಿನ ತಾಯಿ ಅವರ ಅಂಗಳ ಗುಡಿಸುತ್ತಿದ್ದಳು. ಬಾಣಂತಿಯ ಮೈ ತಿಕ್ಕುವುದರಲ್ಲಿ ತಾಯಿ ಮಗಳಿಬ್ಬರದೂ ಎತ್ತಿದ ಕೈ. ಸರಳಾಳ ಚಿಕ್ಕಮ್ಮನ ಮಗಳು ಎಂದು ಸುಳ್ಳು ಹೇಳಿ ರೇಣುವಿಗೆ ವೀಸಾ ತೆಗೆಸಿದರು. ದಿನಾ ಬೆಳಿಗ್ಗೆ ಅವಳು ಸರಳಾಳ ಬೆನ್ನು, ಸೊಂಟ, ತೊಡೆ ಎಲ್ಲ ಹರಳೆಣ್ಣೆ ಹಚ್ಚಿ ನಾದಬೇಕು. ಮಗುವನ್ನು ಕಾಲ ಮೇಲೆ ಹಾಕಿಕೊಂಡು ತಿಕ್ಕಿ ಎರೆಯಬೇಕು. ಕೊನೆಯ ಚೊಂಬು ಮಾತ್ರ ಅಂಬುಜಮ್ಮ ತಾವೇ ಮೇಲಿನಿಂದ ಸುರಿಯುತ್ತಿದ್ದರು. "ಎಣ್ಣೆ ಹಚ್ಚೋವಾಗ ಮುಟ್ಟಿದ್ರೆ ದೋಷ ಇಲ್ಲ. ಹೇಗೂ ಮೇಲೆ ನೀರು ಬೀಳತ್ತಲ್ಲ" ಎನ್ನುತ್ತಿದ್ದರು. ಆ ನೀರು ಬಿದ್ದ ಮೇಲೆ ರೇಣು ನೆಲಮಾಳಿಗೆಗೆ ಇಳಿಯಬೇಕು. ಅವಳ ತಟ್ಟೆ, ಅವಳ ಲೋಟ, ಅವಳ ಚಾಪೆ ಎಲ್ಲ ಅಲ್ಲೇ.

ಚಂದ್ರಮೌಳಿ ಸಂಜೆ ಬಂದ. ಕಾರು ನಿಲ್ಲಿಸಲು ಗ್ಯಾರೇಜಿನ ಬಾಗಿಲು ಎತ್ತಿದವನಿಗೆ ಅವಳು ಅಡ್ಡ ಕೂತದ್ದು ಕಂಡಿತು. ಬಟ್ಟೆ ಬಿಚ್ಚಿ ನೋಡಿದ. ಕೈ ಬದನೆಕಾಯಿಯ ಬಣ್ಣಕ್ಕೆ ತಿರುಗಿ ಊದಿತ್ತು. ಮುರಿದಿದೆ ಎಂದು ಹೇಳಲು ಡಾಕ್ಟರೇ ಆಗಬೇಕಾಗಿರಲಿಲ್ಲ.

"ದವಾಖಾನಿಗೆ ಕರಕೊಂಡ ಹೋಗ್ರಿ ಸಾಹೇಬ್ರ. ಪಿಲಾಸ್ಟರ ಹಾಕಸ್ರಿ."

"ಅಲ್ಲಿ ಹೋದ್ರೆ ನೂರು ಪ್ರಶ್ನೆ ಕೇಳ್ತಾರೆ ರೇಣು. ನೀನ್ಯಾರು, ಯಾವ ವೀಸಾ, ಇನ್ಶೂರೆನ್ಸ್ ಎಲ್ಲಿ. ನಿನ್ನ ವೀಸಾ ಮುಗಿದು ಎಷ್ಟು ದಿನ ಆಯ್ತು, ಗೊತ್ತಾ? ಹಿಡ್ಕೊಂಡು ಹೋಗ್ತಾರೆ." ಆಮೇಲೆ ಅವನಿಗೇ ಏನೋ ಒಳ್ಳೆಯದು ಹೊಳೆದ ಹಾಗೆ ಮುಖ ಅರಳಿತು. "ಅಲ್ಲಾ, ನಿಮ್ಮ ಕಡೆ ಮೂಳೆ ಕಟ್ಟೋದು ನಿಮ್ಮ ಜನಕ್ಕೆಲ್ಲ ಬರತ್ತಲ್ಲ? ಹೇಗೆ ಎಳೀತಾರೆ ಹೇಳು, ನಾನು ಎಳೀತೀನಿ."

"ನನಗೇನ ಗೊತ್ತಿಲ್ರಿ."

"ನೋಡಿರ್ತೀಯ, ಜ್ಞಾಪಿಸಿಕೋ."

ಅವಳಿಗೆ ನಿಜಕ್ಕೂ ಗೊತ್ತಿರಲಿಲ್ಲ. ಚಿಕ್ಕಂದಿನಲ್ಲಿ ಕಬ್ಬಿನ ಗಾಡಿಯಿಂದ ಬಿದ್ದು ಅವಳ ಕಾಲು ಮುರಿದಾಗ ಓಣಿಯವರೆಲ್ಲ ಕಟ್ಟುವವನ ಹತ್ತಿರ ಒಯ್ಯಿ ಎಂದಿದ್ದರು. ಅವಳಪ್ಪ ಗದಿಗೆಪ್ಪ, ಗೂಡ್ಸ್ ಶೆಡ್ಡಿನ ಹಮಾಲ, ಒಪ್ಪಲಿಲ್ಲ. "ನನ್ನ ಮಗಳ ಕಾಲು ಸಾಹೇಬರ ಮಗಳ ಕಾಲಿನಂಗ ಆಗಬೇಕು" ಎಂದು ಮೂಟೆ ಹೊತ್ತ ಬೆನ್ನ ಮೇಲೇ ಅವಳನ್ನು ಹೊತ್ತುಕೊಂಡು ಊರಾಚೆಯ ಮಿಷನ್ ಆಸ್ಪತ್ರೆಗೆ ನಡೆದ. ಅಲ್ಲಿ ಒಳಗೆ ಬಿಡಲು ತಡ ಮಾಡಿದರು. ಬಿಸಿಲಲ್ಲಿ ನಿಂತೇ ಇದ್ದ. ಪ್ಲಾಸ್ಟರ್ ಹಾಕಿಸಿಕೊಂಡೇ ಮನೆಗೆ ತಂದ. ಅಪ್ಪ ಸತ್ತ, ಕಾಲು ಇವತ್ತಿಗೂ ನೆಟ್ಟಗಿದೆ.

ಡಾಕ್ಟರರ ಮನೆಯಲ್ಲಿ ಮಾತ್ರ ನಾಟಿ ವೈದ್ಯ ಶುರುವಾಯಿತು. ಅಂಬುಜಮ್ಮನಿಗೆ ಯಾರೋ ಹೇಳಿದ್ದು ನೆನಪಿತ್ತು: ಉದ್ದಿನ ಹಿಟ್ಟನ್ನು ಮೊಟ್ಟೆಯ ಬಿಳಿಯಲ್ಲಿ ಕಲಸಿ ಬಳಿದು ಬಟ್ಟೆ ಸುತ್ತಿದರೆ ಅದು ಕಲ್ಲಿನಂತೆ ಒಣಗಿ ಮೂಳೆಯನ್ನು ಹಿಡಿದಿಡುತ್ತದೆ. ಆದರೆ ಮೊಟ್ಟೆ ಈ ಮನೆಯೊಳಗೆ ಬರುವ ಹಾಗಿಲ್ಲ.

"ಮೊಟ್ಟೆ ಯಾಕೆ ಬೇಕು? ನೀರಲ್ಲೇ ಕಲಸೋಣ" ಎಂದರು ಅಂಬುಜಮ್ಮ.

"ಅಂಟಿಗೋಸ್ಕರ ಅಮ್ಮ ಅದು" ಎಂದ ಮಗ.

"ಉದ್ದಿಗೇ ಅಂಟಿರತ್ತೆ. ಇಡ್ಲಿ ಮಾಡಲ್ವಾ?"

ಚಂದ್ರಮೌಳಿ ನೀರು ತಂದುಕೊಟ್ಟ. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ದಿನಾ ಬೆಳಿಗ್ಗೆ ಆಮ್ಲೆಟ್ ತಿನ್ನುವ ಬಾಯಿ ಅದು. ಅಂಗಡಿ ಒಂದು ಮೈಲಿ ದೂರದಲ್ಲಿತ್ತು. ಅಮ್ಮನ ಸಮಾಧಾನಕ್ಕೆ ಅಂದುಕೊಂಡ. ಅಮ್ಮನ ಹೆಸರು ಹೇಳಿಕೊಂಡು ಮಗ ಎಷ್ಟು ಹಾಯಾಗಿ ಬದುಕಬಹುದು ನೋಡಿ.

ಚಂದ್ರಮೌಳಿ ಅರಿವಳಿಕೆಯ ಡಾಕ್ಟರು. ಹೊಟ್ಟೆ ಕೊಯ್ದರೂ ರೋಗಿಗೆ ಗೊತ್ತಾಗದ ಹಾಗೆ ಮಾಡುವುದೇ ಅವನ ಕಸುಬು. ರೇಣುವಿಗೆ ಅವನು ಕೊಟ್ಟದ್ದು ಆಸ್ಪಿರಿನ್. ಅವಳನ್ನು ಮೆಟ್ಟಿಲಿಗೆ ಒರಗಿಸಿ, ಮೊಣಕೈಯನ್ನು ಮೊಣಕಾಲಿನಿಂದ ಒತ್ತಿ ಹಿಡಿದು, ಅಂಗೈಯನ್ನು ಹಿಡಿದು ಎಳೆದ. ಒಂದು ಸಲ ಎಳೆದ, ಕೂರಲಿಲ್ಲ. ಮತ್ತೆ ಎಳೆದ. ಅವಳು ಸೀರೆಯ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು, ಮಗು ಎದ್ದುಬಿಡುತ್ತದೆ ಎಂದು ಸರಳಾ ಮೇಲಿನಿಂದ ಹೇಳಿ ಕಳಿಸಿದ್ದಳು. ಎಳೆದದ್ದು ಸರಿಯಾಯಿತೋ ಇಲ್ಲವೋ ಅವನಿಗೂ ತಿಳಿಯಲಿಲ್ಲ. ಹಿಟ್ಟು ಮೆತ್ತಿ, ಶಾಲೆಯ ಮಕ್ಕಳ ಮರದ ಅಳತೆಪಟ್ಟಿ ಎರಡು ತುಂಡು ಮಾಡಿಟ್ಟು, ಬ್ಯಾಂಡೇಜು ಸುತ್ತಿದ.

ಆಮೇಲೆ ಅವನು ಸ್ನಾನಕ್ಕೆ ಹೋದ. ಅಂಬುಜಮ್ಮ ಆಗಲೇ ಟವೆಲು ತೆಗೆದಿಟ್ಟಿದ್ದರು. ನೆಲಮಾಳಿಗೆಯಲ್ಲಿ ರೇಣುವಿನ ತಲೆಯ ಮೇಲೆ ಹಾದುಹೋಗುವ ಕೊಳವೆಯಲ್ಲಿ ಆ ನೀರು ಇಳಿದುಹೋಗುವ ಸದ್ದು ಅವಳಿಗೆ ಕೇಳಿಸುತ್ತಿತ್ತು. ಡೆಟ್ರಾಯಿಟ್ಟಿನ ಯಾರ್ಯಾರದೋ ಮೈ ಮುಟ್ಟಿ ಬಂದು ಅವನು ಹಾಗೇ ಊಟಕ್ಕೆ ಕೂರುವುದನ್ನು ಅವಳು ನೋಡಿದ್ದಳು. ಅವಳಿಗೆ ಅಳು ಬಂದದ್ದು ನೋವಿಗಲ್ಲ, ಆ ನೀರಿನ ಸದ್ದಿಗೆ.

ಮೊಟ್ಟೆಯಿಲ್ಲದ ಹಿಟ್ಟು ಏನಾಗಬೇಕೋ ಅದೇ ಆಯಿತು. ಒಣಗಿತು, ಬಿರುಕು ಬಿಟ್ಟಿತು, ಪುಡಿಪುಡಿಯಾಗಿ ಚಾಪೆಯ ಮೇಲೆ ಉದುರಿತು. ಒಳಗೆ ಮೂಳೆ ತನ್ನಿಷ್ಟದಂತೆ ಸರಿಯಿತು. ಉಳಿದ ಹಿಟ್ಟು ಹುಳಿ ಬಂದು ಚರ್ಮ ಕೆರೆಯತೊಡಗಿತು. ಬ್ಯಾಂಡೇಜು ಬಿಗಿಯಾಗಿ ಬೆರಳು ತಣ್ಣಗಾಗುತ್ತಿವೆ ಎಂದು ಅವಳು ಹೇಳಿದರೆ, ಚಳಿಗೆ ಹಾಗಾಗುತ್ತದೆ ಎಂದ ಚಂದ್ರಮೌಳಿ.

ಕೆಲಸ ಒಂದು ದಿನವೂ ನಿಲ್ಲಲಿಲ್ಲ. ಬಾಣಂತನ ನಡುವೆ ಬಿಡುವಂಥದ್ದಲ್ಲವಲ್ಲ. ರೇಣು ಎಡಗೈಯಿಂದ ಎಣ್ಣೆ ಹಚ್ಚಿದಳು. ಒತ್ತಲು ಬಲವಿಲ್ಲದಾಗ ಮೊಣಕೈ ಊರಿ ನಾದಿದಳು. "ಎಡಗೈಲಿ ಮುಟ್ಟಿಸ್ಕೊಳ್ಳೋದು ಒಂಥರಾ ಕಸಿವಿಸಿ ಕಣೇ" ಎಂದಳು ಸರಳಾ, ಕಣ್ಣು ಮುಚ್ಚಿಕೊಂಡು. ಮಗುವಿನ ಬಟ್ಟೆ ಹಿಂಡಲು ರೇಣು ಒಂದು ತುದಿಯನ್ನು ನಲ್ಲಿಗೆ ಸುತ್ತಿ ಇನ್ನೊಂದು ತುದಿಯನ್ನು ತಿರುಚುತ್ತಿದ್ದಳು. ಆ ದಿನಗಳಲ್ಲಿ ಅವಳ ತಲೆಯಲ್ಲಿದ್ದದ್ದು ಒಂದೇ: ಕೈ ಉಳಿಯುತ್ತದೋ ಇಲ್ಲವೋ. ಗಂಡ ಬಿಟ್ಟು ಹೋದವಳು. ಓದಿಲ್ಲ, ಹೊಲವಿಲ್ಲ. ಇದ್ದದ್ದು ಎರಡು ಕೈ. ಊರಿಗೆ ಹೋದ ಮೇಲೆ ತಿಕ್ಕುವುದಕ್ಕೂ, ರೊಟ್ಟಿ ಬಡಿಯುವುದಕ್ಕೂ, ಕಸ ಎತ್ತುವುದಕ್ಕೂ ಅವೇ.

ಹಿಮ ಕರಗುವ ಹೊತ್ತಿಗೆ ಕಟ್ಟು ಬಿಚ್ಚಿದರು. ಮಣಿಕಟ್ಟು ಊಟದ ಮುಳ್ಳುಚಮಚದ ಬೆನ್ನಿನ ಹಾಗೆ ಬಾಗಿ ನಿಂತಿತ್ತು. ಬೆರಳುಗಳು ಪೂರ್ತಿ ಮಡಚಲೂ ಇಲ್ಲ, ಪೂರ್ತಿ ಚಾಚಲೂ ಇಲ್ಲ.

"ಕೂಡಿಕೊಂಡಿದೆ. ವ್ಯಾಯಾಮ ಮಾಡು, ಸರಿಹೋಗತ್ತೆ" ಎಂದ ಚಂದ್ರಮೌಳಿ. ಹೇಳುವಾಗ ಅವನು ಗೋಡೆಯನ್ನು ನೋಡುತ್ತಿದ್ದ.

ಯುಗಾದಿಗೆ ಪ್ಲಿಮತ್‌ನಿಂದ, ಡೆಟ್ರಾಯಿಟ್‌ನಿಂದ ಕನ್ನಡದ ಮನೆಯವರೆಲ್ಲ ಊಟಕ್ಕೆ ಬಂದರು. ಮಗು ಅಳುತ್ತಿತ್ತು. ರೇಣುವಿನ ತೋಳಿನಲ್ಲಲ್ಲದೆ ಅದು ಸುಮ್ಮನಾಗುತ್ತಿರಲಿಲ್ಲ. ಹಾಗಾಗಿ ಅವಳನ್ನು ಮೇಲಕ್ಕೆ ಕರೆದರು. ಬಂದವರಲ್ಲಿ ಶೇಷಾದ್ರಿ ಎಂಬ ಮೂಳೆ ಡಾಕ್ಟರಿದ್ದ, ಬೆಂಗಳೂರಿನವನು, ಚಂದ್ರಮೌಳಿಯ ಜೊತೆ ಓದಿದವನು. ಹೋಳಿಗೆ ತಿನ್ನುತ್ತಾ ಅವನು ಅವಳ ಕೈ ನೋಡಿದ.

"ಏನಯ್ಯಾ ಚಂದ್ರು, ಈ ಕೈ ಯಾರು ಕೆಡಿಸಿದ್ದು?"

ಅಂಬುಜಮ್ಮನೇ ಹೇಳಿದರು: "ಅವಳ ಊರಲ್ಲಿ. ಅವರಪ್ಪಾನೇ ಅದೇನೋ ಸೊಪ್ಪು ಸದೆ ಕಟ್ಟಿದ್ನಂತೆ."

"ಛೆ, ಛೆ. ಈ ಜನಕ್ಕೆ ಯಾವಾಗ ಬುದ್ಧಿ ಬರತ್ತೋ" ಎಂದಳು ಪ್ರಭಾ ಎಂಬ ಹೆಂಗಸು. ಸುತ್ತ ಇದ್ದವರು ಮೂಢನಂಬಿಕೆಯ ಬಗ್ಗೆ ಬಹಳ ಹೊತ್ತು ಮಾತಾಡಿದರು. ರೇಣು ಮಗುವನ್ನು ಎತ್ತಿಕೊಂಡು ಅಲ್ಲೇ ನಿಂತಿದ್ದಳು. ಅವಳಪ್ಪನ ಬೆನ್ನು ಕಣ್ಣ ಮುಂದೆ ಬಂತು. ಸಿಟ್ಟೂ ಬಂತು. ಮಗುವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿದಳು.

ಶೇಷಾದ್ರಿ ಹೋಗುವಾಗ ಹೇಳಿದ: "ಕರ್ಕೊಂಡು ಬಾ. ಮೂಳೆ ಕತ್ತರಿಸಿ ಹೊಸದಾಗಿ ಕೂರಿಸಬಹುದು. ಟೀಚಿಂಗ್ ಕೇಸ್ ಅಂತ ಫ್ರೀಯಾಗೇ ಮಾಡ್ತೀನಿ."

ಅವತ್ತಿನಿಂದ ರೇಣು ಬೇರೆಯ ಮನುಷ್ಯಳೇ ಆದಳು. ಕೈ ಬರುತ್ತದೆ! ಬಟ್ಟೆ ಹಿಂಡುವಾಗ ಅದನ್ನೇ ನೆನೆದಳು, ಮಲಗುವಾಗಲೂ ಅದನ್ನೇ. ಎಲ್ಲರೆದುರು ಬಂದ ಮಾತಿಗೆ ಚಂದ್ರಮೌಳಿ ಇಲ್ಲ ಅನ್ನುವ ಹಾಗಿರಲಿಲ್ಲ. ಶೇಷಾದ್ರಿಯ ಆಸ್ಪತ್ರೆಗೆ ಹೋಗುವ ದಿನ ಕಾರಿನಲ್ಲಿ ಅವನು ಫ್ರೀವೇಯಿಂದ ಡೆಟ್ರಾಯಿಟ್ಟಿನ ಎಕ್ಸಿಟ್ ತೆಗೆದುಕೊಳ್ಳುತ್ತಲೇ ಬಾಗಿಲುಗಳನ್ನೆಲ್ಲ ಲಾಕ್ ಮಾಡಿ ಹೇಳಿದ:

"ಶೇಷಾದ್ರಿ ಕೇಳ್ತಾನೆ. ಊರಲ್ಲಿ ಮುರೀತು, ನಮ್ಮಪ್ಪ ಕಟ್ಟಿದ ಅನ್ನು. ಅಷ್ಟು ಅಂದ್ರೆ ಸಾಕು."

ಅವಳು ಸೊಟ್ಟ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಒಪ್ಪಿದಳೆಂದು ಅವನು ತಿಳಿದ.

ಎಕ್ಸ್-ರೇ ತೆಗೆದರು. ಶೇಷಾದ್ರಿ ಅದನ್ನು ಬೆಳಕಿಗೆ ಹಿಡಿದು ನೋಡಿದ, ಚಂದ್ರಮೌಳಿಯನ್ನು ನೋಡಿದ. ಮೂಳೆ ಮುರಿದು ತಿಂಗಳುಗಳಾಗಿವೆಯೇ ಹೊರತು ವರ್ಷಗಳಲ್ಲ ಎಂದು ಅವನಿಗೆ ಗೊತ್ತಾಗಿತ್ತು. ಬಾಗಿಲು ಮುಂದೆ ಮಾಡಿ ಬಂದು ಅವಳೆದುರು ಕೂತ.

"ಊರಲ್ಲಿ ಮುರಿದದ್ದು, ಅಲ್ವಾ ರೇಣು?"

"ಅಲ್ರಿ. ಇಲ್ಲೇ ಮುರದೈತ್ರಿ. ಇವರ ಮನಿ ಮುಂದ."

"ರೇಣು!" ಎಂದ ಚಂದ್ರಮೌಳಿ.

ಶೇಷಾದ್ರಿ ಕೈಯೆತ್ತಿ ಅವನನ್ನು ತಡೆದ. ದನಿ ಮೆತ್ತಗೆ ಮಾಡಿದ. "ನೋಡಮ್ಮ. ನಿಂಗೆ ಕೈ ಬೇಕೋ ಬೇಡವೋ?"

"ಬೇಕ್ರಿ."

"ಹಾಗಿದ್ರೆ ಊರಲ್ಲಿ ಅನ್ನು. ಒಳಗೆ ನರ್ಸ್ ಇರ್ತಾರೆ, ಕಲಿಯೋ ಡಾಕ್ಟರ್‌ಗಳಿರ್ತಾರೆ, ಎಲ್ಲರೂ ಕೇಳ್ತಾರೆ. ಒಬ್ಬ ಡಾಕ್ಟರ್ ಮನೇಲೇ ಹೀಗಾಯ್ತು ಅಂದ್ರೆ ಅವನ ಕೆಲಸ ಹೋಗತ್ತೆ. ನಿಂಗೇನು ನಷ್ಟ? ನಿಮ್ಮಪ್ಪ ಹೇಗೂ ಈಗ ಇಲ್ವಂತಲ್ಲ?"

ರೇಣು ತನ್ನ ಕೈ ನೋಡಿಕೊಂಡಳು. ಹೂಂ ಅಂದರೆ ಸಾಕು. ಇದೇ ಕೈ ನೆಟ್ಟಗಾಗಿ ರೊಟ್ಟಿ ಬಡಿಯುತ್ತದೆ. ಅವಳಿಗೆ ಆಸೆಯಾಯಿತು, ಬಾಯಲ್ಲಿ ನೀರೂರುವಷ್ಟು ಆಸೆಯಾಯಿತು. ಸುಳ್ಳು ಹೇಳಿದರೆ ಯಾರ ಗಂಟೂ ಹೋಗುವುದಿಲ್ಲ. ಆದರೆ ನಾಳೆ ಕತ್ತರಿಸಿ ಕೂರಿಸಿದ ಕೈಯನ್ನು ಕಲಿಯುವ ಹುಡುಗರಿಗೆ ತೋರಿಸುತ್ತಾ, ಮೊದಲು ಇದನ್ನು ಇವಳಪ್ಪ ಕೆಡಿಸಿದ್ದ ಎಂದು ಇವನು ಹೇಳುತ್ತಾನೆ. ಅವರೂ ಛೆ ಛೆ ಅನ್ನುತ್ತಾರೆ. ಮಗಳನ್ನು ಬೆನ್ನ ಮೇಲೆ ಹೊತ್ತು ಬಿಸಿಲಲ್ಲಿ ನಿಂತಿದ್ದವನ ಮೇಲೆ ಇವರು ತಮ್ಮ ಹೊಲಸು ಸುರಿಯುತ್ತಾರೆ.

"ನಮ್ಮಪ್ಪ ಸತ್ತಾನ್ರಿ" ಎಂದಳು. "ಸತ್ತವನ ಹೆಸರಿಗೆ ನಿಮ್ಮ ಪಾಪ ಕಟ್ಟಂಗಿಲ್ರಿ. ನಮ್ಮಪ್ಪ ನನ್ನ ದವಾಖಾನಿಗೆ ಹೊತಗೊಂಡ ಹೋಗಿದ್ದ. ಇವರು ಡಾಕ್ಟರು, ನನ್ನ ಗ್ಯಾರೇಜಿನ್ಯಾಗ ಕುಂಡರಿಸಿದ್ರು."

ಶೇಷಾದ್ರಿ ಎದ್ದ. ಫಿಲ್ಮನ್ನು ಲಕೋಟೆಯೊಳಗೆ ತುರುಕಿದ. "ಇಲ್ಲ ಚಂದ್ರು. ಇವಳು ಹೀಗೇ ಮಾತಾಡಿದ್ರೆ ನಾನೂ ಸಿಕ್ಕಿಹಾಕ್ಕೋತೀನಿ. ಮನೆಗೆ ಕರ್ಕೊಂಡು ಹೋಗು. ಬೇಗ ಊರಿಗೆ ಕಳಿಸಿಬಿಡು." ಅವಳ ಮುಖವನ್ನೂ ನೋಡದೆ ಹೊರಟುಹೋದ. ಕೈ ಅಲ್ಲಿಗೆ ಮುಗಿಯಿತು.

ಹೊರಗಿನ ಕಾರಿಡಾರಿನಲ್ಲಿ ಸಾಲಾಗಿ ಬೆಂಚುಗಳು. ಪ್ಲಾಸ್ಟರ್ ಹಾಕಿಸಿಕೊಂಡವರು, ಹಾಕಿಸಿಕೊಳ್ಳಲು ಕಾದವರು. ಅವರಲ್ಲಿ ಹೆಚ್ಚಿನವರು ಕರಿಯರು. ರೇಣು ಹೋಗಿ ಒಂದು ಬೆಂಚಿನ ಮೇಲೆ ಕೂತಳು.

"ಏಳು. ಹೋಗೋಣ" ಎಂದ ಚಂದ್ರಮೌಳಿ ಹಲ್ಲು ಕಚ್ಚಿ.

"ಬರಂಗಿಲ್ರಿ."

"ಮನೇಲಿ ಮಗು ಕಾಯ್ತಿದೆ."

"ನಾ ಇನ್ನ ನಿಮ್ಮ ಕೂಸಿಗಿ ಎರಿಯಂಗಿಲ್ಲ. ನಿಮ್ಮ ಹೇಂತಿ ಮೈ ತಿಕ್ಕಂಗಿಲ್ಲ. ಮತ್ತ ಆ ತಳಮನಿಗೆ ಇಳಿಯಂಗಿಲ್ಲ."

ಅವನು ಅವಳ ಮಣಿಕಟ್ಟನ್ನೇ ಹಿಡಿದು ಎಳೆದ. ಗ್ಯಾರೇಜಿನ ಮೆಟ್ಟಿಲ ಮೇಲೆ ಎಳೆದ ಹಾಗೆಯೇ. ಅವಳು ಕಿರುಚಿದಳು. ಈ ಸಲ ಬಾಯಿಗೆ ಸೆರಗು ತುರುಕಿಕೊಳ್ಳಲಿಲ್ಲ. ಆ ಮನೆಯಲ್ಲಿ ಫ್ರಿಜ್ಜಿಗೆ, ಒಲೆಗೆ, ದೇವರ ಕಪಾಟಿಗೆ ಎಲ್ಲದಕ್ಕೂ ಸರಳಾ ಅವಳಿಗೆ ಹೇಳುತ್ತಿದ್ದ ಇಂಗ್ಲಿಷು ಅವಳ ಬಾಯಿಂದ ಹೊರಬಿತ್ತು.

"ಡೋಂಟ್ ಟಚ್!"

ಅವನು ಕೈ ಬಿಟ್ಟ. ಕಾರಿಡಾರು ಪೂರ್ತಿ ತಿರುಗಿ ನೋಡಿತು. ಮೇಜಿನ ಹಿಂದಿದ್ದ ನರ್ಸ್, ದಪ್ಪನೆಯ ಕರಿಯ ಹೆಂಗಸು, ಎದ್ದು ಬಂದಳು. ಚಂದ್ರಮೌಳಿ ತಟ್ಟನೆ ನಕ್ಕು ಅವಳಿಗೆ ಏನೋ ಹೇಳಿದ, ತನ್ನ ತಲೆಯ ಪಕ್ಕ ಬೆರಳು ತಿರುಗಿಸಿ ತೋರಿಸಿದ. ಇವಳಿಗೆ ತಲೆ ಸರಿಯಿಲ್ಲ ಎಂದು ಹೇಳಿದನೆಂದು ತಿಳಿಯಲು ರೇಣುವಿಗೆ ಇಂಗ್ಲಿಷು ಬೇಕಾಗಲಿಲ್ಲ.

ನರ್ಸ್ ಅವನ ಮಾತು ಕೇಳಿಸಿಕೊಂಡಳು. ಆಮೇಲೆ ರೇಣುವಿನ ಕೈ ನೋಡಿದಳು. "ಹೂ ಡಿಡ್ ದಿಸ್, ಹನಿ?" ಎಂದು ಕೇಳಿದಳು.

ಯಾರು ಮಾಡಿದ್ದು ಎಂದು ಕೇಳುತ್ತಿದ್ದಾಳೆಂದು ತಿಳಿದು ರೇಣು ಎದ್ದು ನಿಂತಳು. ತೋರುಬೆರಳು ಚಾಚಲು ನೋಡಿದಳು. ಅದು ನೆಟ್ಟಗಾಗಲಿಲ್ಲ. ಆಗ ಸೊಟ್ಟಗಿನ ಇಡೀ ಕೈಯನ್ನೇ ಎತ್ತಿ, ಅಷ್ಟು ಜನರ ಮುಂದೆ, ಡಾಕ್ಟರ್ ಚಂದ್ರಮೌಳಿಯ ಮುಖಕ್ಕೆ ಹಿಡಿದಳು. ಕೆಳಗೆ ಇಳಿಸಲಿಲ್ಲ.